ನಿನ್ನ ಉಗುರಿನ ಗುರುತು

ಅಕ್ಕಾ,

ನೀನಿದ್ದಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ. ನಮ್ಮಿಬ್ಬರ ಮನೆಯ ನಡುವೆ ಹರಿಯುವ ತೋಡಿನ ಈಚೆ ನಿಂತು ನಾನು ಒಂದು ಕೂಗು ಹಾಕಿದ್ದರೆ ಸಾಕಿತ್ತು, "ಎಂತದೇ ಗಂಗೂ, ಹಸು ಕರು ಹಾಕಿತಾ?" ಅಂತ ನೀನು ಕೈ ಒರೆಸಿಕೊಳ್ಳುತ್ತಾ ಬಂದುಬಿಡುತ್ತಿದ್ದೆ. ಈಗ ಕೂಗಿದರೆ ನಿನ್ನ ನಾಯಿ ಓಡಿ ಬರುತ್ತದೆ. ನನ್ನ ಮುಖ ನೋಡಿ, ಇವಳೊಬ್ಬಳೇ ಅಂತ ವಾಪಸ್ ಹೋಗುತ್ತದೆ.

ಅವ್ವ ನೆಟ್ಟ ಕಿತ್ತಳೆ ಮರದ ಕೆಳಗೆ ನಾವಿಬ್ಬರೂ ಕಸಿ ಕಟ್ಟಲು ಕೂರುತ್ತಿದ್ದದ್ದು ನೆನಪುಂಟಾ? ನಿಂಬೆ ಸಸಿಯ ಕಾಂಡವನ್ನು ನೀನು ಎರಡು ಬೆರಳಲ್ಲಿ ಸವರುತ್ತಾ ಹೋಗಿ, ಒಂದು ಕಡೆ ನಿಲ್ಲಿಸಿ, ಹೆಬ್ಬೆರಳಿನ ಉಗುರು ಒತ್ತಿ "ಇಲ್ಲಿ" ಅನ್ನುತ್ತಿದ್ದೆ. ನಾನು ಅಲ್ಲಿ ಸಿಪ್ಪೆ ಸೀಳಿ, ಅವ್ವನ ಮರದಿಂದ ತೆಗೆದ ಚಿಗುರುಗಣ್ಣನ್ನು ಒಳಗೆ ಕೂರಿಸಿ, ಪಟ್ಟಿ ಸುತ್ತುತ್ತಿದ್ದೆ. ಅಲ್ಲೇ ಯಾಕಕ್ಕಾ ಅಂತ ಕೇಳಿದರೆ, "ನಂಗೆಂತ ಗೊತ್ತು ಮಾರಾಯ್ತಿ, ಬೆರಳು ನಿಂತಿತು" ಅನ್ನುವುದು. ಕಣ್ಣಿನ ಜೊತೆ ಉಳಿಸಿದ ಎಲೆಯ ತೊಟ್ಟನ್ನು ಆಮೇಲೆ ಪರೀಕ್ಷೆ ಮಾಡುವವಳೂ ನೀನೇ. ಮುಟ್ಟಿದ ಕೂಡಲೇ ಉದುರಿದರೆ ಕಸಿ ಹಿಡಿಯಿತು. ಒಣಗಿ ಅಂಟಿಕೊಂಡೇ ಇದ್ದರೆ ಹೋಯಿತು. ನಾನು ಮುಟ್ಟಲು ಹೋದರೆ ಕೈಗೆ ಒಂದು ಏಟು ಬಿಡುತ್ತಿದ್ದೆ.

ಪಟ್ಟಿ ಸುತ್ತಿ ಮುಗಿದ ಮೇಲೆ ಪ್ರತಿ ಸಲ ನಿನ್ನದು ಒಂದೇ ಪ್ರಶ್ನೆ. "ನಾವಿಲ್ಲಿ ಕಾಫಿ ಕುಡೀತಾ ಕೂತಿದ್ದೇವೆ. ಒಳಗೆ ಕೆಲಸ ಮಾಡುವ ಮೇಸ್ತ್ರಿ ಯಾರೇ ಗಂಗೂ? ಅವನಿಗೂ ಒಂದು ಲೋಟ ಕೊಡಬೇಡ್ವಾ?" ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ ಅಂತ ನೀನು ನನ್ನನ್ನೇ ಪಂಡಿತೆ ಮಾಡಿಬಿಟ್ಟಿದ್ದೆ. ಉತ್ತರ ಮಾತ್ರ ನನಗೂ ಗೊತ್ತಿರಲಿಲ್ಲ.

ಮಡಿಕೇರಿ ಆಸ್ಪತ್ರೆಯಲ್ಲಿ ನಿನ್ನ ಮಾತು ಕಮ್ಮಿಯಾಗುತ್ತಾ ಬಂದಾಗ ನನ್ನ ಮಣಿಕಟ್ಟು ಹಿಡಿದು ಹೇಳಿದೆಯಲ್ಲ, "ಅವ್ವನ ಮರ ಅಲ್ಲಿಗೇ ಮುಗಿಯಲಿಕ್ಕೆ ಬಿಡಬೇಡ" ಅಂತ. ಬಿಡುವುದಿಲ್ಲ ಅಂದೆ. ಅನ್ನುವುದಕ್ಕೇನು! ನೀನು ಹೋದ ಮೇಲೆ ಮರ ಒಂದೊಂದೇ ಕೊಂಬೆ ಒಣಗಿಸಿಕೊಂಡಿತು. ತೋಡಿನ ಕಡೆಗೆ ಬಾಗಿದ ಒಂದು ಕೊಂಬೆಯಲ್ಲಿ ಮಾತ್ರ ಹಸಿರು ಉಳಿದಿತ್ತು. ಆ ಕೊಂಬೆಯಿಂದ ಕಣ್ಣು ತೆಗೆದು ಸಸಿಗೆ ಕಟ್ಟಿದೆ, ಮತ್ತೆ ಕಟ್ಟಿದೆ. ಎಲ್ಲದರ ತೊಟ್ಟೂ ಕಪ್ಪಾಗಿ ಅಂಟಿಕೊಂಡೇ ಕೂತಿತು. ನಾನು ಸವರಿದರೆ ಬೆರಳು ಎಲ್ಲಿಯೂ ನಿಲ್ಲುವುದಿಲ್ಲ ಅಕ್ಕಾ. ಬುಡದಿಂದ ತುದಿಯವರೆಗೆ ಸುಮ್ಮನೆ ಜಾರಿಕೊಂಡು ಹೋಗುತ್ತದೆ. ಕೊಂಬೆಯೂ ಹೋದರೆ...

ಪೊನ್ನಂಪೇಟೆಯಲ್ಲಿ ಓದುತ್ತಿರುವ ನಿನ್ನ ಮೊಮ್ಮಗಳು ಚೈತ್ರ ಒಂದು ದಿನ ನನ್ನನ್ನು ತನ್ನ ಕಾಲೇಜಿಗೆ ಕರೆದುಕೊಂಡು ಹೋದಳು. ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, "ಅಜ್ಜಿ, ಒಂದು ಕಣ್ಣು ಮುಚ್ಚಿ" ಅಂದಳು. "ಎರಡನ್ನೂ ಮುಚ್ಚಿದರೆ ನಿದ್ದೆಯಾದರೂ ಬರ್ತದೆ" ಅಂದೆ. ನೋಡಿದರೆ, ಈರುಳ್ಳಿ ಬೇರಿನ ತುದಿಯಲ್ಲಿ ಇಟ್ಟಿಗೆ ಜೋಡಿಸಿಟ್ಟ ಹಾಗೆ ಕೋಶಗಳು! ಒಂದು ಕೋಶದ ನಡುವೆ ಅರ್ಧ ಎದ್ದ ತೆಳು ಗೋಡೆ. ಒಂದು ಎರಡಾಗುತ್ತಿತ್ತು.

"ಇದನ್ನು ಕಟ್ಟುವ ಮೇಸ್ತ್ರಿ ಯಾರು?" ನಿನ್ನ ಪ್ರಶ್ನೆಯನ್ನೇ ಕೇಳಿದೆ.

"ಪ್ರೋಟೀನು, ಅಜ್ಜಿ."

ಅದು ಮೊಟ್ಟೆಯಲ್ಲಿ, ಹೆಸರುಕಾಳಿನಲ್ಲಿ ಇರುವುದು ಅಂತ ಮಾತ್ರ ನನ್ನ ಲೆಕ್ಕ. ಕೋಶದೊಳಗೆ ಅವಕ್ಕೆ ನೂರೆಂಟು ಕೆಲಸವಂತೆ. ಕೆಲವು ಎಳೆ ಎಳೆಯಾಗಿ ದಾರಿ ಹಾಕುತ್ತವಂತೆ. ಕೆಲವು ಗೋಡೆಯ ಸಾಮಾನು ತುಂಬಿದ ಪುಟ್ಟ ಚೀಲಗಳನ್ನು ಆ ಎಳೆಯ ಮೇಲೆ ನಡುವಿಗೆ ಹೊತ್ತು ತರುತ್ತವಂತೆ. ಇನ್ನು ಕೆಲವು ಆ ಚೀಲಗಳನ್ನು ಒಂದಕ್ಕೊಂದು ಬೆಸೆಯುತ್ತವೆ. ನಮ್ಮ ಮೇಸ್ತ್ರಿಗಳು ಕೆಳಗಿನಿಂದ ಮೇಲಕ್ಕೆ ಕಟ್ಟಿದರೆ, ಇವರು ನಡುವಿನಿಂದ ಅಂಚಿಗೆ ಹರಡುತ್ತಾ ಹೋಗಿ ಹಳೇ ಗೋಡೆಗೆ ಸೇರಿಸುತ್ತಾರೆ.

"ಎಲ್ಲಿಗೆ ಹೋಗಿ ಸೇರಬೇಕು ಅಂತ ಹೇಗೆ ಗೊತ್ತಾಗ್ತದೆ?"

"ಕೋಶ ಎರಡಾಗುವ ಮೊದಲೇ ಆ ಜಾಗದಲ್ಲಿ ಸುತ್ತಲೂ ಎಳೆಗಳ ಒಂದು ಪಟ್ಟಿ ಬಂದಿರ್ತದೆ. ಗೋಡೆ ಏಳುವ ಹೊತ್ತಿಗೆ ಆ ಪಟ್ಟಿಯೇ ಇರುವುದಿಲ್ಲ ಅಜ್ಜಿ, ಕರಗಿ ಹೋಗಿರ್ತದೆ. ಆದರೆ ಕೆಲವು ಪ್ರೋಟೀನು ಆ ಜಾಗ ಬಿಟ್ಟು ಕದಲುವುದಿಲ್ಲ. ಹೊಸ ಗೋಡೆ ಸರಿಯಾಗಿ ಅಲ್ಲಿಗೇ ಬಂದು ಸೇರ್ತದೆ."

"ಕಸಿಯಲ್ಲೂ ಹೀಗೆಯಾ?"

"ಗಾಯದ ಹತ್ತಿರ ಸ್ವಲ್ಪ ಅಡ್ಡಾದಿಡ್ಡಿ. ಕಟ್ಟುವವರು ಮಾತ್ರ ಇವರೇ."

ವಾಪಸ್ ಬಸ್ಸಿನಲ್ಲಿ ನಮ್ಮ ಕಕ್ಕಬೆ ಬರುವವರೆಗೂ ನಾನು ಅದನ್ನೇ ಯೋಚಿಸಿದೆ. ಗುರುತು ಹಾಕಿದ್ದು ಕರಗಿ ಹೋದ ಮೇಲೂ ಗುರುತು ಇರುತ್ತದೆಯಾ ಅಕ್ಕಾ?

ಮಾರನೇ ಬೆಳಿಗ್ಗೆ ನಿನ್ನ ಮನೆಯ ಹಿಂದಿನ ಸಸಿಮಡಿಗೆ ಹೋದೆ. ನೀನು ಹೋದ ಮೇಲೆ ಹಿಂದಿನ ಸಾಲಿಗೆ ನಾನು ಕೈ ಹಾಕಿರಲಿಲ್ಲ, ಮನಸ್ಸಾಗಿರಲಿಲ್ಲ. ಕಳೆ ಸರಿಸಿ ನೋಡಿದರೆ ಒಂದು ನಿಂಬೆ ಸಸಿಯ ಕಾಂಡದಲ್ಲಿ ಬಿದಿಗೆ ಚಂದ್ರನಂಥ ಗೆರೆ, ಸ್ವಲ್ಪ ಉಬ್ಬಿಕೊಂಡು. ಆಸ್ಪತ್ರೆಗೆ ಹೋಗುವ ಮೊದಲು "ಇಲ್ಲಿ" ಅಂತ ಒತ್ತಿ ಹೋಗಿದ್ದೆಯಾ? ನನ್ನ ಹೆಬ್ಬೆರಳಿಟ್ಟು ನೋಡಿದೆ. ಕೂರಲಿಲ್ಲ, ನಿನ್ನ ಉಗುರು ಅಗಲ. ಗಾಯದ ಮೇಲೆ ಸಿಪ್ಪೆ ಏಳುವುದಿಲ್ಲವಲ್ಲ, ಅದಕ್ಕೆ ಒಂದು ಬೆರಳಿನಷ್ಟು ಮೇಲೆ ಸೀಳಿ, ತೋಡಿನ ಕಡೆಯ ಕೊಂಬೆಯಿಂದ ತೆಗೆದ ಕಣ್ಣು ಕೂರಿಸಿ ಕಟ್ಟಿದೆ. ನನ್ನ ಜೊತೆಗೇ ಊರಿಗೆ ಬಂದಿದ್ದ ಚೈತ್ರ ಸಸಿ ಹಿಡಿದುಕೊಂಡಿದ್ದಳು. "ಅಜ್ಜಿ, ಆಚೆ ತಿರುಗಿ ಅಳಿ, ಕಸಿಯೊಳಗೆ ನೀರು ಬೀಳ್ತದೆ" ಅಂದಳು. ಥೇಟ್ ನಿನ್ನದೇ ಬಾಯಿ.

ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ತೋಡಿನ ಕಡೆಯ ಕೊಂಬೆಯೂ ಒಣಗಿತು. ಅವ್ವನ ಮರ ಅಂತ ಇನ್ನು ಉಳಿದದ್ದು ಆ ಒಂದು ಕಣ್ಣು ಮಾತ್ರ.

ಇವತ್ತು ಬೆಳಿಗ್ಗೆ ಹೋದೆ. ತೊಟ್ಟು ಹಳದಿಯಾಗಿ ನಿಂತಿತ್ತು. ಮುಟ್ಟಲು ಕೈ ಬರಲಿಲ್ಲ, ಅದು ನಿನ್ನ ಕೆಲಸ. ಯಾರಾದರೂ ಕೈಗೆ ಒಂದು ಬಿಡಬಾರದೇ ಅನ್ನಿಸಿತು. ಯಾರೂ ಬಿಡಲಿಲ್ಲ. ಕೊನೆಗೆ ನಾನೇ ಮುಟ್ಟಿದೆ.

ಉದುರಿತು ಅಕ್ಕಾ. ಮುಟ್ಟಿದ್ದೇ ತಡ, ಅಂಗೈಗೆ ಬಿತ್ತು. ಒಳಗೆ ಕಣ್ಣು ಹಸಿರಾಗಿ ಕೂತಿದೆ.

ಗಿಡ ಎದ್ದ ಮೇಲೆ ನಿನ್ನ ಅಂಗಳದ ಬದಿಯಲ್ಲೇ ನೆಡುತ್ತೇನೆ. ಇನ್ನೊಂದು ಸಂಗತಿ ಹೇಳಬೇಕು. ಏಳುವ ಮೊದಲು ಪಕ್ಕದ ಸಸಿಯ ಕಾಂಡವನ್ನು ಸುಮ್ಮನೆ ಸವರಿದೆ. ಒಂದು ಕಡೆ ಬೆರಳು ನಿಂತಿತು. ಅಲ್ಲೇ ಯಾಕೆ ಅಂತ ಕೇಳಬೇಡ.

ನಿನ್ನ,
ಗಂಗೂ