ಪ್ರತಿ ನಡೆಗೂ ಅಷ್ಟೇ ಹೊತ್ತು

ಗುರುವಾರ, ಮಧ್ಯಾಹ್ನ

ನನ್ನ ಮುದ್ದು ಪುಟ್ಟನಿಗೆ ಅಕ್ಕನ ಆಶೀರ್ವಾದ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ನಾನು ಶಾಲೆ ಬಿಟ್ಟಿದ್ದು ನಾಲ್ಕನೇ ಕ್ಲಾಸಿಗೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಗ್ಯಾಸ್ ಆರಿಸಿ ಮಲಗುತ್ತೀಯಾ? ಅದೂ ಒಂದು ಚಿಂತೆ ನನಗೆ.

ವಿಷಯ ಏನೆಂದರೆ, ನಿನ್ನ ಜೊತೆ ಫೋನಿನಲ್ಲಿ ಚೆಸ್ ಆಡುವ ನಿಮ್ಮ ಭಾವನ ಖಾತೆಯನ್ನು ಕಂಪನಿಯವರು ಮುಚ್ಚಿಬಿಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಏನೋ ಬಂದಿತ್ತು. ಔಷಧಿ ಅಂಗಡಿಯ ಹುಡುಗಿ ಓದಿ, "ಆಂಟಿ, ಅಂಕಲ್ ಕಂಪ್ಯೂಟರ್ ನೋಡ್ಕೊಂಡು ಮೋಸದಲ್ಲಿ ಆಡ್ತಾರಂತೆ" ಅಂದಳು. ಅವಳಿಗೂ ಆ ಆಟ ಗೊತ್ತು. ಹಳೆಯ ಆಟಗಳನ್ನು ತೆಗೆದು ನೋಡಿದಳು. ಸುಲಭದ ನಡೆಗೂ ಕಷ್ಟದ ನಡೆಗೂ ಒಂದೇ ಸಮ ಹೊತ್ತು ಹಿಡಿದಿದೆಯಂತೆ, ಮನುಷ್ಯರು ಹಾಗೆ ಆಡುವುದಿಲ್ಲವಂತೆ.

ಆ ಹೊತ್ತು ನನ್ನದು ಕಣೋ. ಪಾರ್ಶ್ವವಾಯು ಬಡಿದ ಮೇಲೆ ಅವರ ಬೆರಳು ಫೋನಿನ ಮೇಲೆ ನಿಲ್ಲುವುದಿಲ್ಲ. ಹಾಸಿಗೆ ಪಕ್ಕ ಸ್ಟೂಲಿನ ಮೇಲೆ ಮರದ ಹಲಗೆ ಇಟ್ಟಿದ್ದೇನೆ. ಎಡಗೈಯಲ್ಲಿ ಕಾಯಿ ಸರಿಸುತ್ತಾರೆ. ನಾನು ಕನ್ನಡಕ ಹಾಕಿ, ಮನೆ ಎಣಿಸಿ, ಇಲ್ಲೇ ಅಲ್ವಾ ಅಂತ ಎರಡೆರಡು ಸಲ ಕೇಳಿ ಫೋನಿನಲ್ಲಿ ಒತ್ತುತ್ತೇನೆ. ಆಮೇಲೆ ನಿನ್ನ ನಡೆಯನ್ನು ಹಲಗೆಗೆ ತರುತ್ತೇನೆ. ಅವರು ಥಟ್ಟನೆ ಆಡಿದರೂ ನನ್ನ ಹೆದರಿಕೆಗೆ ಅಷ್ಟೇ ಹೊತ್ತು ಬೇಕು. ತಪ್ಪು ಮನೆಗೆ ಒತ್ತಿ ಕುದುರೆ ಕಳೆದರೆ ಏನು ಗತಿ?

ದೂರು ಕೊಟ್ಟಿದ್ದು ನೀನೇ ಅಂತ ಚಿಕ್ಕಮ್ಮ ಹೇಳಿದರು. ಮೊದಲು ಸೋಲುತ್ತಿದ್ದ ಭಾವ ಈಗ ದಿನಾ ಹೇಗೆ ಗೆಲ್ತಾರೆ ಅಂದೆಯಂತೆ. ಬೆಳಗಿನಿಂದ ಹಲಗೆಯನ್ನೇ ನೋಡುತ್ತಾ ಮಲಗಿದವರು ಕಲಿಯದೆ ಇರುತ್ತಾರಾ? ನಿನ್ನ ಮೇಲೆ ಕೋಪವಿಲ್ಲ, ನಿನಗೆ ಅವರ ಕಾಯಿಲೆಯೇ ಗೊತ್ತಿಲ್ಲ. ಹೇಳುತ್ತೇನೆಂದರೆ ಅವರು ಬಿಡಲಿಲ್ಲ. ಗೊತ್ತಾದರೆ ನೀನು ಬೇಕಂತಲೇ ಸೋಲುತ್ತೀಯಂತೆ.

ಮನೆ ಭಾಗದ ಜಗಳವಾದ ಮೇಲೆ ನಿಮ್ಮಿಬ್ಬರ ನಡುವೆ ಉಳಿದಿದ್ದು ಈ ಆಟ ಒಂದೇ. ಕಂಪನಿಗೆ ನಾನು ಏನಂತ ಬರೆಯಲಿ? ಆಡುವವರಿಗೆ ಇನ್ನೊಬ್ಬರು ಸಹಾಯ ಮಾಡಬಾರದಂತೆ. ನನ್ನ ಬೆರಳನ್ನೂ ಸಹಾಯ ಅಂದುಬಿಟ್ಟರೆ? ನೀನೇ ನಾಲ್ಕು ಸಾಲು ಬರೆಯೋ. ನನಗೆ ಬೇರೆ ದಾರಿ ತೋಚುತ್ತಿಲ್ಲ.

ಉತ್ತರಕ್ಕೆ ಕಾಯುವ
ನಿನ್ನ ಅಕ್ಕ

ತಾ.ಕ.: ಖಾತೆ ಹೋಗಿದ್ದು ಅವರಿಗೆ ಇನ್ನೂ ಹೇಳಿಲ್ಲ. ಸುಮ್ಮನೆ ಫೋನ್ ಹಿಡಿದುಕೊಂಡು, ನೀನೇ ಆಡಿದ ಹಾಗೆ ಕಪ್ಪು ಕಾಯಿಗಳನ್ನು ನಾನೇ ಸರಿಸುತ್ತಿದ್ದೇನೆ. ನಿನ್ನೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಗೆದ್ದುಬಿಟ್ಟರು. ಮುಖದಲ್ಲಿ ಖುಷಿಯೇ ಇಲ್ಲ. ತೊದಲುತ್ತಾ, "ಅವನು ಹೀಗೆ ಆಡೋನಲ್ಲ ಕಣೇ. ಮೈ ಸರಿ ಇಲ್ವೇನೋ, ಹೋಗಿ ನೋಡ್ಕೊಂಡು ಬಾ" ಅಂದರು.