ಒಂದು ಮಗ್ಗದ ಇಬ್ಬರು

ನವಲಗುಂದ
ಫೆಬ್ರವರಿ ೩೦, ೨೧೯೧

ಹಿಂದೆ ಬದುಕಿದವರಿಗೆ, ವಿರೂಪಾಕ್ಷನ ನಮಸ್ಕಾರ.

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಅಜ್ಜನ ಕಾಲದಲ್ಲೇ ತಿಂಗಳುಗಳನ್ನು ಸರಿಪಡಿಸಿದರು. ಮುಂದೆ ಬರುವ ಕೆಲವು ಶಬ್ದಗಳೂ ನಿಮ್ಮ ಕಿವಿಗೆ ಒಗ್ಗಲಿಕ್ಕಿಲ್ಲ. ಅವು ನಮಗೆ ಉಪ್ಪು, ನೀರಿನಷ್ಟು ಸಾಮಾನ್ಯವಾದವು. ಬಂದಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ. ಎಲ್ಲಾದರೂ ಬಿಟ್ಟುಹೋದರೆ ದಣಿದವನ ಬರಹವೆಂದು ಮನ್ನಿಸಿ.

ಮೊದಲು ವಿಷಯ. ಬೆಳೆದ ಮನುಷ್ಯರ ಮಿದುಳಿನಲ್ಲೂ, ನೆನಪನ್ನು ನೋಡಿಕೊಳ್ಳುವ ಒಂದು ಸಣ್ಣ ಭಾಗದಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆ. ನಾವು ಅವನ್ನು ಮೊಳಕೆಕಣ ಎನ್ನುತ್ತೇವೆ. ಹುಟ್ಟಿದವೆಲ್ಲ ಉಳಿಯುವುದಿಲ್ಲ. ಕೆಲವು ವಾರಗಳೊಳಗೆ ಅವು ಹಳೆಯ ನರಗಳೊಡನೆ ಸಂಬಂಧ ಬೆಳೆಸಬೇಕು, ಇಲ್ಲವಾದರೆ ಸಾಯುತ್ತವೆ. ಉಳಿದವು ಮಾಡುವ ಕೆಲಸ ದೊಡ್ಡದು. ಒಂದೇ ತರಹ ಕಾಣುವ ಎರಡು ಸಂಗತಿಗಳನ್ನು, ಅಂದರೆ ನಿನ್ನೆಯನ್ನು ಇಂದಿನಿಂದ, ಈ ಬಾಗಿಲನ್ನು ಆ ಬಾಗಿಲಿನಿಂದ, ಬೇರೆಯಾಗಿ ಇಡುತ್ತವೆ. ನಿಮ್ಮ ಕಾಲದ ದಿನಪತ್ರಿಕೆಗಳು ನಮ್ಮ ವಾಚನಾಲಯದಲ್ಲಿವೆ. ಅವುಗಳ ಒಳಪುಟದಲ್ಲಿ ಇದು ಸಣ್ಣ ಸುದ್ದಿಯಾಗಿ ಬಂದದ್ದನ್ನು ಓದಿದ್ದೇನೆ. ಒಂಟಿಯಾಗಿಟ್ಟ ಇಲಿಗಳಲ್ಲಿ ಇಂಥ ಕೋಶಗಳು ಕಡಿಮೆ, ಜತೆಯಲ್ಲಿಟ್ಟವುಗಳಲ್ಲಿ ಹೆಚ್ಚು ಎಂದಿತ್ತು. ಮನುಷ್ಯರ ವಿಷಯದಲ್ಲಿ ನಿಮ್ಮ ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದರು. ನಮ್ಮಲ್ಲಿ ಆ ವಾದ ಮುಗಿದಿದೆ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ನನ್ನ ತಂದೆಯ ಪ್ರಾಯದಲ್ಲಿ ಒಂಟಿಗಾಲ, ಅಂದರೆ ಒಬ್ಬೊಬ್ಬರೇ ಬದುಕುವ ಕಾಲ, ಬಂದಿತ್ತು. ಬಿಸಿಲು ವಿಪರೀತವಾಗಿ ಜನ ತಂಪುಕೋಣೆಗಳಿಗೆ ಸೇರಿಕೊಂಡರು. ಒಬ್ಬರಿಗೊಂದು ಕೋಣೆ, ಗೋಡೆಯ ಕಿಂಡಿಯಿಂದ ಊಟ, ಕೆಲಸವೂ ಅಲ್ಲಿಯೇ. ಒಂದು ತಲೆಮಾರು ಹಾಗೆ ಕಳೆಯಿತು. ಜನ ಸಾಯಲಿಲ್ಲ, ಆದರೆ ಮಂಕಾದರು. ನಡುವಯಸ್ಸಿನವರು ತಮ್ಮ ಓಣಿಯಲ್ಲೇ ದಾರಿ ತಪ್ಪಿದರು. ಕಾರಣ ತಿಳಿದಾಗ ಸರ್ಕಾರ ಕೂಟಮಂಡಳಿಯನ್ನು ಮಾಡಿತು. ಅಂದಿನಿಂದ ಪ್ರತಿಯೊಬ್ಬರೂ ದಿನದ ಒಂದು ಪಾಲನ್ನು ಮಂಡಳಿ ಗೊತ್ತುಮಾಡಿದ ಜನರ ಜತೆ ಕೂತು ಕಳೆಯಬೇಕು. ಇದಕ್ಕೆ ಕೂಟ ಎಂದು ಹೆಸರು. ಬೆಳಗ್ಗೆ, ಇನ್ನು ಹೊರಗೆ ಓಡಾಡಬೇಡಿ ಎಂದು ಸಾರುವ ಬಿಸಿಲಗಂಟೆ ಬಾರಿಸುವ ಮೊದಲೇ ನೀರು ತುಂಬಿಸಿ, ಸಜ್ಜೆರೊಟ್ಟಿ ಬುತ್ತಿ ಕಟ್ಟಿಕೊಂಡು, ನಾವು ಕೂಟದ ಮನೆಗೆ ಹೋಗುತ್ತೇವೆ. ವರ್ಷಕ್ಕೆರಡು ಸಲ ತಲೆಯ ಚಿತ್ರ ತೆಗೆದು ಮೊಳಕೆಕಣಗಳ ಮಟ್ಟ ನೋಡುತ್ತಾರೆ. ಸತತ ಎರಡು ಸಲ ಮಟ್ಟ ಕುಸಿದವರನ್ನು ಬೇರೆ ಊರಿನ ಆಸರೆಮನೆಗೆ ಕಳಿಸುತ್ತಾರೆ. ಅಲ್ಲಿಂದ ಮರಳಿ ಬರುವ ಪದ್ಧತಿ ಇಲ್ಲ. ಗಂಡಸರ ಆಸರೆಮನೆ ಬೇರೆ, ಹೆಂಗಸರದು ಬೇರೆ.

ನನ್ನ ಹೆಂಡತಿ ಕಸ್ತೂರೆವ್ವ ಜಮಖಾನ ನೇಯುವವಳು. ಈ ಊರಿನ ಜಮಖಾನದ ಮಗ್ಗ ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ. ಅದರ ಮುಂದೆ ಇಬ್ಬರು ಒತ್ತಾಗಿ ಕೂತು ಆಚೆ ಬದಿಯಿಂದ ಒಬ್ಬರು, ಈಚೆ ಬದಿಯಿಂದ ಒಬ್ಬರು ನೇಯುತ್ತ ನಡುವಿನಲ್ಲಿ ಕೂಡಬೇಕು. ಬಣ್ಣದ ಲೆಕ್ಕವನ್ನು ಬಾಯಲ್ಲೇ ಹೇಳಿಕೊಳ್ಳಬೇಕು. ಅವಳ ಜತೆಗಾತಿ ಜೈತೂನಬಿ. ಇಬ್ಬರೂ ಹರೆಯದಿಂದ ಒಂದೇ ಮಗ್ಗ, ಹರೆಯದಿಂದ ಒಂದೇ ಜಗಳ.

"ಏನವಾ ಕಸ್ತೂರಿ, ನವಿಲ ನೇಯಾಕತ್ತೀಯೋ, ಕೋಳಿನೋ?" ಎಂದು ಜೈತೂನಬಿ ಕೇಳಿದರೆ, "ನಿನ್ನ ನವಿಲಿಗೆ ಕುತ್ತಿಗಿನ ಇಲ್ಲ, ಮದಲ ಅದನ್ನ ನೋಡ್ಕೋ. ನಾಕು ಕೆಂಪು, ಎರಡು ಬಿಳಿ ಹಾಕು, ನನ್ನ ಮಾರಿ ಏನ ನೋಡ್ತಿ?" ಎಂದು ಇವಳು. ಬೈಗುಳದ ನಡುವೆ ಲೆಕ್ಕ, ಲೆಕ್ಕದ ನಡುವೆ ಬೈಗುಳ. ಊರಿಗೆ ಇದು ಗೊತ್ತಿತ್ತು. ಎರಡು ವರ್ಷದ ಹಿಂದೆ ಮಂಡಳಿ ಎಲ್ಲ ಕೆಲಸದ ಮನೆಗಳಲ್ಲಿ ಮಾತು ಆಲಿಸುವ ಯಂತ್ರ ಕೂಡಿಸಿತು. ಅದಕ್ಕೆ ಗೊತ್ತಿರಲಿಲ್ಲ. ಇಬ್ಬರ ನಡುವೆ ತೀವ್ರ ವೈಮನಸ್ಸಿದೆ, ಇದು ಮೊಳಕೆಕಣಗಳಿಗೆ ಹಾನಿಕರ ಎಂದು ವರದಿ ಮಾಡಿತು. ಮಂಡಳಿಯವರು ಕೆಟ್ಟವರಲ್ಲ. ಸದಾ ಹಂಗಿಸಿಕೊಳ್ಳುವ ಸಂಬಂಧ ಮಿದುಳನ್ನು ಬಾಡಿಸುತ್ತದೆ ಎಂಬುದು ನಿಜವೂ ಹೌದು. ಅಂಥ ಮನೆಗಳನ್ನು ನಾನು ಕಂಡಿದ್ದೇನೆ. ಆದರೆ ಇದು ಅಂಥದ್ದಲ್ಲ ಎಂದು ವಾದಿಸಲು ಹೋದಾಗ ಅಧಿಕಾರಿ, "ರೀ ಹಿರಿಯರ, ಕುತ್ತಿಗಿ ಇಲ್ಲ ಅನ್ನೂದು ಪ್ರೀತಿ ಮಾತೇನ್ರಿ?" ಎಂದು ಕೇಳಿದ.

ಅಲ್ಲಿಯವರೆಗೆ ಆ ಮಗ್ಗವೇ ಅವರ ಕೂಟವಾಗಿತ್ತು. ಅವರನ್ನು ಬೇರೆ ಮಾಡಿದರು. ಕಸ್ತೂರೆವ್ವನಿಗೆ ಸ್ವಭಾವ ಹೊಂದುವ ನಾಲ್ವರನ್ನು ಗೊತ್ತುಮಾಡಿದರು. ಇಂಥ ಕೂಟಕ್ಕೆ ಜನ ಹೌದಪ್ಪನ ಚಾವಡಿ ಎನ್ನುತ್ತಾರೆ. ಮೊದಲ ವಾರವೇ ಅವಳು ಬಂದು ಹೇಳಿದಳು: "ನಾ ಏನಂದ್ರೂ ಹೌದ್ರಿ ಅಂತಾರ. ಅಗಸರ ಕತ್ತಿ ಹಾರತೈತಿ ಅಂದ್ನಿ. ಅದಕ್ಕೂ ಹೌದ್ರಿ ಅಂದ್ರು!" ಇಬ್ಬರೂ ನಕ್ಕೆವು. ಆಮೇಲೆ ಅವಳು ಕೂಟದ ಸುದ್ದಿ ಹೇಳುವುದನ್ನೇ ಬಿಟ್ಟಳು. ಹೇಳುವುದೇನೂ ಇರಲಿಲ್ಲ. ಮೊದಲ ಚಿತ್ರದಲ್ಲಿ ಮಟ್ಟ ಕುಸಿದಿತ್ತು. ಹಳೆಯದೆಲ್ಲ ನೆನಪಿತ್ತು, ಹೊಸದು ನಿಲ್ಲುತ್ತಿರಲಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಒಂದು ದಿನ ಪಕ್ಕದ ಮನೆಗೆ ಹೋಗಿ, ನಮ್ಮದೇ ಎಂದುಕೊಂಡು ಒಲೆ ಹೊತ್ತಿಸಿದಳು.

ಎರಡನೆಯ ಚಿತ್ರಕ್ಕೆ ಸ್ವಲ್ಪ ಮೊದಲು ಜೈತೂನಬಿ ನಿಯಮ ಮುರಿದು, ಬಿಸಿಲಲ್ಲೇ ನಡೆದು ನಮ್ಮ ಮನೆಗೆ ಬಂದಳು. ಪಂಜಾ, ಅಂದರೆ ನೂಲು ಬಡಿಯುವ ಕಬ್ಬಿಣದ ಹಣಿಗೆ, ಸೆರಗಿನಲ್ಲಿತ್ತು. ಕಸ್ತೂರೆವ್ವ ಅವಳನ್ನು ಬಹಳ ಹೊತ್ತು ನೋಡಿದಳು.

"ಗುರುತು ಸಿಗಲಿಲ್ಲೇನ?" ಎಂದಳು ಜೈತೂನಬಿ.

"ಸಿಕ್ತು. ಮುದುಕಿ ಆಗೀದಿ, ಅದಕ ತಡ ಆತು."

"ನೀ ಏನ ಹೊಸಾ ಮದಲಗಿತ್ತಿ ಆಗೀದಿ?"

ಅಂದಿನಿಂದ ಅವಳು ದಿನಾ ಬಂದಳು. ಆದರೆ ಮೊಳಕೆಕಣಗಳು ಬೇರೂರಲು ವಾರಗಳು ಬೇಕು, ಮಂಡಳಿ ತಾರೀಖು ಮುಂದೂಡಲಿಲ್ಲ. ಎರಡನೆಯ ಚಿತ್ರದಲ್ಲೂ ಮಟ್ಟ ಕೆಳಗಿತ್ತು. ಅಣ್ಣಿಗೇರಿಯ ಹೆಂಗಸರ ಆಸರೆಮನೆಗೆ ಕಳಿಸಲು ಆದೇಶವಾಯಿತು.

ಸುದ್ದಿ ಹೇಳಲು ಹೋದಾಗ ಜೈತೂನಬಿ ಅಳಲಿಲ್ಲ. "ವಿರುಪಾಕ್ಷಣ್ಣ, ಅಲ್ಲಿ ಯಾರ ಮಗ್ಗಲಕ ಯಾರು ಕುಂದ್ರಬೇಕು ಅಂತ ಯಾರ ನೋಡ್ತಾರ?" ಎಂದು ಕೇಳಿದಳು. ಯಾರೂ ನೋಡುವುದಿಲ್ಲ ಎಂದೆ. ಮೊಳಕೆ ಮುಗಿಯಿತೆಂದು ಬಿಟ್ಟ ಜನರಿಗೆ ಕೂಟದ ನಿಯಮ ಅನ್ವಯಿಸುವುದಿಲ್ಲ. ಯಂತ್ರವೂ ಇಲ್ಲ, ಚಿತ್ರವೂ ಇಲ್ಲ. ಅವಳು ತನ್ನ ಚಿತ್ರ ತೆಗೆಸಿಕೊಳ್ಳಲು ಒಪ್ಪಲಿಲ್ಲ. ಒಪ್ಪದವರನ್ನು ಎರಡೂ ಸಲ ಮಟ್ಟ ಕುಸಿದವರೆಂದೇ ಹಿಡಿಯುತ್ತಾರೆ. ಅವಳ ಮಟ್ಟಕ್ಕೆ ಏನೂ ಆಗಿರಲಿಲ್ಲ ಎಂದೇ ನನ್ನ ನಂಬಿಕೆ. ಮೊನ್ನೆಮೊನ್ನೆ ಮೊಮ್ಮಗಳ ಮದುವೆ ಮಾತುಕತೆ ನಡೆದಿತ್ತು, ಅದನ್ನೂ ಬಿಟ್ಟಳು. "ಹುಚ್ಚಿ ಅದೀ ನೀ," ಎಂದು ಕಸ್ತೂರೆವ್ವ ರೇಗಿದಳು. "ಹೌದು. ನಿನ್ನ ಕೂಡ ಇದ್ದು ಇದ್ದು," ಎಂದು ಉತ್ತರ ಬಂತು. ಇಬ್ಬರೂ ಒಂದೇ ವಾಹನದಲ್ಲಿ ಹೋದರು. ಮಗ್ಗದ ಕಂಬಗಳನ್ನು ನಾನೇ ಏರಿಸಿಕೊಟ್ಟೆ. ಸಾಮಾನು ಒಯ್ಯುವವರನ್ನು ಬಿಟ್ಟರೆ ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲ. ವಾಹನದ ಹಿಂದಿನ ಬಾಗಿಲು ಮುಚ್ಚುವವರೆಗೆ ನಿಂತು ಮನೆಗೆ ಬಂದೆ.

ಅಲ್ಲಿಗೆ ವಾರಕ್ಕೊಮ್ಮೆ ಕಾಯಿಪಲ್ಲೆ ಒಯ್ಯುವ ರಾಚಪ್ಪ ಮೊನ್ನೆ ಸುದ್ದಿ ತಂದ. "ಏನ ಹೇಳ್ಲಿ ಕಾಕಾ, ಸ್ವಾಮಾರದಿಂದ ಇಬ್ರೂ ಮಾತ ಬಿಟ್ಟಾರ. ಅಂಚಿಗೆ ಹಸರೋ ಹಳದಿನೋ ಅಂತ. ಮಗ್ಗದ ಮುಂದ ತೊಡಿಗೆ ತೊಡಿ ಹಚ್ಚಿ ಕುಂತಾರ, ಆದ್ರ ಒಬ್ಬಾಕಿಗೆ ಹೇಳೂದನ್ನ ಇನ್ನೊಬ್ಬಾಕಿ ನನ್ನ ಕಡಿಂದ ಹೇಳಸ್ತಾಳ." ಸೋಮವಾರದ ಜಗಳ ಕಸ್ತೂರೆವ್ವನ ನೆನಪಿನಲ್ಲಿ ನಿಂತಿತ್ತು. ಆ ದಿನ ನಾನು ಹೊಟ್ಟೆ ತುಂಬ ಉಂಡೆ. ಅವಳ ಮಿದುಳಿನಲ್ಲಿ ಮೊಳಕೆ ಏರಿದೆಯೋ ಇಲ್ಲವೋ ನನಗೆ ಎಂದಿಗೂ ತಿಳಿಯದು. ಅಳೆಯುವವರು ಅಲ್ಲಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ವಿಜ್ಞಾನಿಗಳು ಹುಡುಕಲಿ, ತಪ್ಪಿಲ್ಲ. ಆದರೆ ಜನರ ಸಂಗ ಮಿದುಳಿಗೆ ಔಷಧ ಎಂದು ಪತ್ರಿಕೆಯಲ್ಲಿ ಬರೆಯುವಾಗ ಸ್ವಲ್ಪ ತಡೆಯಿರಿ. ಔಷಧವೆಂದ ಮೇಲೆ ಅದಕ್ಕೊಂದು ಪ್ರಮಾಣ ಬರುತ್ತದೆ, ಪ್ರಮಾಣದ ಹಿಂದೆ ನಿಯಮ ಬರುತ್ತದೆ, ನಿಯಮದ ಹಿಂದೆ ನಮ್ಮ ಊರಿನ ಅಧಿಕಾರಿ ಬರುತ್ತಾನೆ. ಯಾರ ಪಕ್ಕ ಯಾರು ಕೂಡಬೇಕು ಎಂಬುದನ್ನು ಮಾತ್ರ ಯಾರ ಕೈಗೂ ಕೊಡಬೇಡಿ.

ನನ್ನ ಕೂಟದ ವೇಳೆಯಾಯಿತು. ಮಂಡಳಿ ಗೊತ್ತುಮಾಡಿದ ನಾಲ್ವರು, ನನ್ನನ್ನು ಕೂಟದ ಮನೆಗೆ ಕರೆದೊಯ್ಯಲು ಬಾಗಿಲಲ್ಲಿ ನಿಂತಿದ್ದಾರೆ. ಒಳ್ಳೆಯ ಜನ. ಕಸ್ತೂರೆವ್ವ ಅಲ್ಲಿ ಚೆನ್ನಾಗಿರುತ್ತಾಳೆ ಅಲ್ಲವೇ ಎಂದು ಕೇಳುತ್ತೇನೆ. ಹೌದು ಎನ್ನುತ್ತಾರೆ.