ಬಿರುಗಾಳಿಯ ದಿನ ನೀವು ಒಂದೇ ಸಲ ಕೇಳಿದಿರಿ

ಪರ್ತ್ ನಗರದ ಬಸ್ಸು, ರೈಲು ಓಡಿಸುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಕಳೆದ ತಿಂಗಳು ಬಿರುಗಾಳಿ ಬೀಸಿದ ದಿನ, ರೈಲು ನಿಂತುಹೋದ ನಿಲ್ದಾಣದ ಮುಂದೆ, ನಿಮ್ಮ ಸಿಬ್ಬಂದಿಯೊಬ್ಬರು ಬದಲಿ ಬಸ್ಸಿನ ಕೊನೆಯ ಸೀಟನ್ನು ನನಗೆ ಕೊಡಲು ಬಂದರು. ನಾನು ಬೇಡ ಎಂದೆ. ಅವರು ಬಾಗಿಲು ಹಾಕಿಸಿ ಬಸ್ಸು ಕಳಿಸಿಬಿಟ್ಟರು. ಅವರು ಇನ್ನೊಂದು ಸಲ ಕೇಳಲಿಲ್ಲ ಎಂಬುದೇ ನನ್ನ ದೂರು.

ಓದಿ ನಿಮಗೆ ನಗು ಬರಬಹುದು. ನನಗೆ ನಾಚಿಕೆ ಬರುತ್ತದೆ. ಇದನ್ನು ಬರೆದು ಹರಿದು, ಮತ್ತೆ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ತರಗತಿ. ನಿಮ್ಮ ಇಂಗ್ಲಿಷ್ ಅಂಗಡಿಯಲ್ಲಿ ಸಾಮಾನು ಕೊಳ್ಳುವಷ್ಟು ಬರುತ್ತದೆ, ಜಗಳವಾಡುವಷ್ಟು ಬರುವುದಿಲ್ಲ. ಇಲ್ಲಿನ ನಮ್ಮ ಕನ್ನಡ ಸಂಘದ ಪತ್ರಿಕೆ ನೋಡಿಕೊಳ್ಳುವ ಗೀತಾ ಆಂಟಿ, "ನೀನು ಕನ್ನಡದಲ್ಲೇ ಬರಿ ದೇವಕಿ, ಅವ್ರಿಗೆ ತಲುಪಿಸೋದು ನನ್ ತಲೆನೋವು" ಎಂದು ಧೈರ್ಯ ಹೇಳಿದ್ದಾರೆ.

ನಿಮ್ಮ ಸಿದ್ಧತೆಯಲ್ಲಿ ಕೊರತೆಯಿತ್ತು ಎಂದು ನಾನು ಹೇಳಲಾರೆ. ಹಿಂದಿನ ದಿನವೇ ಫೋನಿಗೆ ಎಚ್ಚರಿಕೆಗಳು ಬಂದವು. ಹಿತ್ತಲಲ್ಲಿ ಮಕ್ಕಳು ಕುಣಿದಾಡುವ ಟ್ರ್ಯಾಂಪೊಲಿನ್ ಕಟ್ಟಿಹಾಕಿ ಎಂದು ಒಂದು ಹೇಳಿತು. ಸದರ್ನ್ ರಿವರ್ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ಅಂಥದ್ದೇನೂ ಇಲ್ಲ. ಬಟ್ಟೆ ಒಣಹಾಕುವ ಸ್ಟ್ಯಾಂಡ್ ಇತ್ತು, ಅದನ್ನೇ ಬೇಲಿಗೆ ಕಟ್ಟಿದೆ. ಅಷ್ಟು ವಿಧೇಯಳು ನಾನು. ನಿಲ್ದಾಣಕ್ಕೆ ಹೋದರೆ ಬಾಗಿಲಿಗೆ ಮರಳಿನ ಚೀಲ ಇಟ್ಟಿದ್ದಿರಿ. ಹಳಿಯ ಮೇಲೆ ಮರ ಬಿದ್ದ ಸುದ್ದಿ ಬಂದ ಸ್ವಲ್ಪ ಹೊತ್ತಿಗೇ ಬದಲಿ ಬಸ್ಸು ತಂದಿರಿ. ಇಷ್ಟು ಮಾಡಿದವರು ಫಲಕದ ಮೇಲೆ ಒಂದು ಮಾತನ್ನೂ ಹೊಳೆಯಿಸಿದ್ದಿರಿ: ಅಗತ್ಯವಿದ್ದರೆ ಮಾತ್ರ ಪ್ರಯಾಣ ಮಾಡಿ.

ಅಗತ್ಯ ಎಂದರೆ ಯಾವುದು, ಮಾನ್ಯರೇ? ಅದನ್ನು ತೀರ್ಮಾನಿಸುವವರು ಯಾರು?

ನನ್ನ ಮಗ ತಿಂಗಳು ತುಂಬುವ ಮೊದಲೇ ಹುಟ್ಟಿದ. ನನ್ನನ್ನು ಮನೆಗೆ ಕಳಿಸಿ ಅವನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದರು. ದಿನವೂ ನಾನು ಎದೆಹಾಲು ತೆಗೆದು, ಬಾಟಲಿಗೆ ತುಂಬಿ, ಐಸ್ ಇಟ್ಟ ಚೀಲದಲ್ಲಿ ಬಸ್ಸು, ರೈಲು ಹಿಡಿದು ಒಯ್ಯುತ್ತಿದ್ದೆ. ಮೂಗಿನಿಂದ ಇಳಿಸಿದ ಸಣ್ಣ ಕೊಳವೆಯಲ್ಲಿ ಅವನಿಗೆ ಅದನ್ನು ಕೊಡುತ್ತಿದ್ದರು. ಬಿರುಗಾಳಿಯ ಹಿಂದಿನ ದಿನ ನರ್ಸ್ ಹೇಳಿದ್ದರು, ನಾಳೆ ಮಧ್ಯಾಹ್ನ ಅವನನ್ನು ನಿನ್ನ ಎದೆಗೆ ಹಾಕಿ ನೋಡೋಣ, ಮೊದಲ ಸಲ, ಎಂದು. ಆ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ನನ್ನ ಗಂಡ ದಿನೇಶ ಸ್ವಾನ್ ವ್ಯಾಲಿಯ ರೆಸ್ಟೋರೆಂಟಿನಲ್ಲಿ ಅಡುಗೆ ಮಾಡುತ್ತಾರೆ. ಬೆಳಿಗ್ಗೆಯೇ ಕಾರು ತೆಗೆದುಕೊಂಡು ಹೋಗಿದ್ದರು. ಮಳೆಯಿರಲಿ ಗಾಳಿಯಿರಲಿ, ಅಲ್ಲಿ ಮೇಜು ಕಾದಿರಿಸಿದವರು ಯಾರೂ ಬಿಟ್ಟಿರಲಿಲ್ಲವಂತೆ. ಊಟ ಮಾಡಲು ಹೋಗುವುದು ಅಗತ್ಯ ಪ್ರಯಾಣವೋ ಅಲ್ಲವೋ, ಅವರನ್ನು ಯಾರು ಕೇಳಿದರೋ ಗೊತ್ತಿಲ್ಲ. ನಮ್ಮನ್ನು ಕೇಳಿದರು.

ನಿಲ್ದಾಣದ ಮುಂದೆ ಸಾಲು ದೊಡ್ಡದಿತ್ತು, ಸೀಟು ಕಡಿಮೆಯಿತ್ತು. ಹಳದಿ ಜಾಕೆಟ್ ಹಾಕಿದ್ದ ನಿಮ್ಮ ಸಿಬ್ಬಂದಿ ಒಬ್ಬೊಬ್ಬರನ್ನೇ ಎಲ್ಲಿಗೆ, ಯಾಕೆ ಎಂದು ವಿಚಾರಿಸುತ್ತ ಬಂದರು. ಗಾಳಿಯ ಸದ್ದಿಗೆ ಅವರೂ ಕೂಗಬೇಕು, ನಾವೂ ಕೂಗಬೇಕು. ನನ್ನ ಮುಂದಿದ್ದವರು ಬಾಲಿಗೆ ವಿಮಾನ ಇದೆ ಎಂದು ಕೂಗಿದರು. ಚಪ್ಪಲಿ, ಚಡ್ಡಿ, ದೊಡ್ಡ ಪೆಟ್ಟಿಗೆ. ಹತ್ತಿಸಿದರು. ನನ್ನ ಹಿಂದೆ ಶ್ರೇಯಸ ಎಂಬ ಹುಡುಗ ನಿಂತಿದ್ದ. ಮೈಸೂರಿನವನು, ಇಲ್ಲಿ ಓದುತ್ತ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಸಂಘದ ಯುಗಾದಿ ಊಟದಲ್ಲಿ ನೋಡಿದ್ದ ಮುಖ. ನಾನು ಮಾತಾಡದೆ ನಿಂತದ್ದು ಕಂಡು ನನಗೆ ಇಂಗ್ಲಿಷ್ ತಿಳಿಯಲಿಲ್ಲ ಎಂದುಕೊಂಡ.

"ಅಕ್ಕಾ, ಯಾಕ್ ಹೋಗ್ತಿದೀರಾ ಅಂತ ಕೇಳ್ತಿದಾರೆ."

ನನಗೆ ತಿಳಿದಿತ್ತು. ಹೇಳಬೇಕಾದ ಇಂಗ್ಲಿಷ್ ಪದವೂ ಗೊತ್ತಿತ್ತು. ಆಸ್ಪತ್ರೆಯಲ್ಲಿ ದಿನವೂ ಕೇಳುತ್ತಿದ್ದ ಪದ ಅದು. ಆದರೆ ಅಷ್ಟು ಜನ ಗಂಡಸರ ನಡುವೆ, ಕನ್ನಡದ ಹುಡುಗನೊಬ್ಬ ಕಿವಿಗೊಟ್ಟು ನಿಂತಿರುವಾಗ, ಚೀಲದಲ್ಲಿ ನನ್ನ ಎದೆಹಾಲು ಇದೆ ಎಂದು ಕೂಗಲು ನನ್ನಿಂದ ಆಗಲಿಲ್ಲ.

"ಸುಮ್ನೆ ಹೊರಟಿದ್ದೆ ಅನ್ನಪ್ಪ," ಎಂದೆ.

"ಸುಮ್ನೇನಾ? ಈ ಗಾಳೀಲಿ?"

"ಹೂಂ."

ಅವನು ಹಾಗೆಯೇ ಹೇಳಿದ. ನಿಮ್ಮವರು ಒಳ್ಳೆಯವರು, ಗದರಲಿಲ್ಲ. ಹಾಗಾದರೆ ಇವತ್ತು ಮನೆಯಲ್ಲಿರುವುದು ಕ್ಷೇಮ ಎಂದು ಸಲಹೆ ಕೊಟ್ಟರು. ಆಸ್ಪತ್ರೆ ಎಂದಷ್ಟೇ ಅನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಷ್ಟೋ ಸಲ ನಾನೇ ಕೇಳಿಕೊಂಡಿದ್ದೇನೆ. ಆಸ್ಪತ್ರೆ ಎಂದರೆ ಯಾರಿಗೆ, ಏನಾಗಿದೆ ಎನ್ನುತ್ತಾರೆ, ಒಂದು ಮಾತಿಗೆ ಇನ್ನೊಂದು ಮಾತು ಅಂಟಿಕೊಂಡು ಬರುತ್ತದೆ ಎಂದು ಹೆದರಿದ್ದೆ. ಶ್ರೇಯಸ ಹತ್ತಿದ. ಮತ್ತೂ ಕೆಲವರು ಹತ್ತಿದರು. ಕೊನೆಗೆ ಒಂದು ಸೀಟು ಉಳಿಯಿತು. ನಾನು ಚೀಲವನ್ನು ಅವಚಿಕೊಂಡು ಅಲ್ಲೇ ನಿಂತಿದ್ದೆ. ನಿಮ್ಮವರು ತಿರುಗಿ ನೋಡಿ, ಬರುತ್ತೀರಾ ಎಂದು ಕೈ ತೋರಿಸಿದರು.

"ಬೇಡ, ಪರವಾಗಿಲ್ಲ," ಎಂದೆ. ಇಂಗ್ಲಿಷಿನಲ್ಲೇ ಎಂದೆ.

ನಮ್ಮ ಕಡೆ ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲ ಸಲಕ್ಕೆ ಬೇಡ ಎನ್ನಬೇಕು. ಕಾಫಿಯಾಗಲಿ, ಕೂರಲು ಜಾಗವಾಗಲಿ. "ಅಯ್ಯೋ, ಅದೇನ್ ಸಂಕೋಚ, ತಗೊಳ್ಳಿ" ಎಂದು ಅವರು ಇನ್ನೊಂದು ಸಲ ಹೇಳಿದ ಮೇಲೆ ತೆಗೆದುಕೊಳ್ಳಬೇಕು. ಮೊದಲ ಮಾತಿಗೇ ಕೈ ಚಾಚಿದರೆ ಆಸೆಬುರುಕಿ ಎನ್ನುತ್ತಾರೆ. ಇದನ್ನು ಶಾಲೆಯಲ್ಲಿ ಕಲಿಸುವುದಿಲ್ಲ, ಅದಕ್ಕೇ ನಾನು ಚೆನ್ನಾಗಿ ಕಲಿತಿದ್ದೇನೆ. ಬೇಡ ಎನ್ನುತ್ತಲೇ ನಾನು ಒಂದು ಕಾಲನ್ನು ಮೆಟ್ಟಿಲ ಕಡೆಗೆ ಎತ್ತಿದ್ದೆ. ನಿಮ್ಮವರು ತಲೆಯಾಡಿಸಿ ಬಾಗಿಲು ತಟ್ಟಿದರು. ಬಾಗಿಲು ಮುಚ್ಚಿತು. ಬೇಡ ಎಂದವಳಿಗೆ ಬೇಡ. ಒಬ್ಬ ಹೆಂಗಸಿನ ಮಾತಿಗೆ ಈ ದೇಶದಲ್ಲಿ ಇಷ್ಟು ಬೆಲೆಯಿದೆ ಎಂದು ನಾನು ಹೆಮ್ಮೆಪಡಬೇಕಿತ್ತು.

ಆಮೇಲೆ ಬಸ್ಸು ಬರಲಿಲ್ಲ. ಟ್ಯಾಕ್ಸಿ ಸಿಗಲಿಲ್ಲ. ದಿನೇಶ ಫೋನ್ ಎತ್ತಲಿಲ್ಲ. ಹೇಗೋ ಮನೆಗೆ ಮರಳಿದರೆ ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾಗಿತ್ತು. ಐಸ್ ಕರಗಿತ್ತು, ಹಾಲು ಮಗುವಿಗೆ ಕೊಡುವಂತಿರಲಿಲ್ಲ. ತುಳಿಯುವ ಜಾಗಕ್ಕೆ ಚೆಲ್ಲಬಾರದು ಎಂದು ಅತ್ತೆ ಊರಿನಿಂದ ಫೋನಿನಲ್ಲಿ ಹೇಳಿದರು. ಮಳೆಯಲ್ಲೇ ಹೋಗಿ ಹಿತ್ತಲ ನಿಂಬೆ ಗಿಡದ ಬುಡಕ್ಕೆ ಹಾಕಿದೆ. ಬಟ್ಟೆ ಸ್ಟ್ಯಾಂಡ್ ಮಾತ್ರ ಕಟ್ಟಿದ ಜಾಗದಲ್ಲೇ ಭದ್ರವಾಗಿ ನಿಂತಿತ್ತು.

ಮಗ ಹಸಿದಿರಲಿಲ್ಲ. ಆಸ್ಪತ್ರೆಯಲ್ಲಿ ತೆಗೆದಿಟ್ಟಿದ್ದ ಹಾಲನ್ನು ಕೊಳವೆಯಲ್ಲೇ ಕೊಟ್ಟರಂತೆ. ಅವನಿಗೆ ಗೊತ್ತೇ ಇಲ್ಲ ಏನು ತಪ್ಪಿತೆಂದು. ನನಗೆ ಗೊತ್ತು.

ಮರುದಿನ ಹೋದೆ. ನರ್ಸ್ ಅವನನ್ನು ಎತ್ತಿ ತಂದು, ಪರದೆ ಎಳೆಯಲೇ ಎಂದು ಕೇಳಿದರು. ನೋಡಿ ನನ್ನ ಬುದ್ಧಿ, ಅಷ್ಟಾದ ಮೇಲೂ ಬೇಡ ಎಂದೆ. ಅವರು ಹೋಗಲಿಲ್ಲ. ನನ್ನ ಮುಖ ನೋಡಿ, ನಿಜವಾಗಿಯೂ ಬೇಡವೇ ಎಂದರು. ಎಳೆಯಿರಿ ಎಂದೆ. ಆ ಪರದೆಯ ಹಿಂದೆ ನನ್ನ ಮಗ ಮೊದಲ ಸಲ ಬಾಯಿ ಹಚ್ಚಿದ. ಎರಡು ಗುಟುಕು ಕುಡಿದು ನಿದ್ದೆ ಹೋದ. ಆ ನರ್ಸ್ ನಿಮ್ಮ ಊರಿನವರೇ, ನಿಮ್ಮ ಭಾಷೆಯವರೇ. ಹಾಗಾಗಿ ಎರಡನೇ ಸಲ ಕೇಳುವುದು ನಿಮ್ಮಲ್ಲಿ ಬಳಕೆಯಿಲ್ಲ ಎಂಬ ಸಬೂಬು ನಡೆಯುವುದಿಲ್ಲ.

ಗೀತಾ ಆಂಟಿಯಿಂದ ವಿಷಯ ತಿಳಿದ ಶ್ರೇಯಸ ಮನೆಗೆ ಬಂದಿದ್ದ. "ಅಕ್ಕಾ, ಒಂದ್ ಮಾತ್ ಹೇಳಿದ್ರೆ ನಾನೇ ಇಳಿದ್ಬಂದು ನಿಮ್ಮನ್ನ ಹತ್ತಿಸ್ತಿದ್ನಲ್ಲ," ಎಂದು ನೆಲ ನೋಡುತ್ತ ಹೇಳಿದ. ನಾನೂ ನೆಲ ನೋಡಿದೆ. ಇಬ್ಬರಿಗೂ ನಾಚಿಕೆ. ನಿಮ್ಮ ಪಾಲಿನ ನಾಚಿಕೆಯನ್ನೂ ನಾವೇ ಪಟ್ಟಂತಿತ್ತು.

ಪರ್ತ್‌ನ ಚಳಿಗಾಲ ಇನ್ನೂ ಮುಗಿದಿಲ್ಲ. ಮತ್ತೆ ಗಾಳಿ ಬೀಸುತ್ತದೆ, ಮತ್ತೆ ಮರ ಬೀಳುತ್ತದೆ. ನನ್ನ ಮಗ ಈಗ ಮನೆಯಲ್ಲಿದ್ದಾನೆ, ಆದರೆ ಆ ಸಾಲಿನಲ್ಲಿ ಚೀಲ ಅವಚಿಕೊಂಡು ಇನ್ಯಾರೋ ನಿಂತಿರುತ್ತಾರೆ. ಪ್ರಯಾಣದ ಕಾರಣವನ್ನು ನಾಲ್ಕು ಜನರ ಮುಂದೆ ಕೂಗಿಸಬೇಡಿ. ಹತ್ತಿರ ಬಂದು ಮೆಲ್ಲಗೆ ಕೇಳಿ. ಬೇಡ ಎಂದವರನ್ನು ಬಾಗಿಲು ಹಾಕುವ ಮೊದಲು ಇನ್ನೊಂದು ಸಲ ಕೇಳಿ. ಅವರ ಕಾಲಿನ ಕಡೆಗೂ ಒಮ್ಮೆ ನೋಡಿ.

ಇಂತಿ,
ಒಂದು ಕಾಲು ಎತ್ತಿಕೊಂಡು ಇನ್ನೊಂದು ಮಾತಿಗೆ ಕಾದಿದ್ದ
ದೇವಕಿ
ಸದರ್ನ್ ರಿವರ್